ಒಲೆಗೆ ಹೋದ ಹಾಳೆಯ ಕುರಿತು

ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಾನು ಮದ್ದೂರಿನ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದು, ಇದುವರೆಗೆ ಕಚೇರಿ ಪತ್ರಗಳನ್ನು ಹೊರತುಪಡಿಸಿ ಬೇರೇನನ್ನೂ ಬರೆದವಳಲ್ಲ. ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ನಮ್ಮ ಮನೆ ಮಳವಳ್ಳಿಯ ಸಮೀಪದ ಹಳ್ಳಿಯಲ್ಲಿದೆ. ಅತ್ತೆಯವರು ರೇಷ್ಮೆ ಹುಳು ಸಾಕುತ್ತಾರೆ. ಈಗ ಮರಿಗಳನ್ನೇ ಕೊಂಡು ತರುತ್ತೇವೆ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ರೇಷ್ಮೆ ಚಿಟ್ಟೆ ಮೊಟ್ಟೆಯಿಟ್ಟ ಹಾಳೆಗಳನ್ನು ತಂದು ಮನೆಯಲ್ಲೇ ಮರಿ ಮಾಡಿಸುತ್ತಿದ್ದರು. ಮರಿ ಎದ್ದು ಹೋದ ಮೇಲೆ ಹಾಳೆಯ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಸಿಪ್ಪೆಗಳಷ್ಟೇ ಉಳಿಯುತ್ತಿದ್ದವು. ಮುಂದಿನ ಬೆಳೆಗೆ ರೋಗ ತಗಲಬಾರದೆಂದು ಅತ್ತೆಯವರು ಅಂಥ ಹಾಳೆಯನ್ನು ತಡಮಾಡದೆ ಸುಡುತ್ತಿದ್ದರು.

ಆ ಸಿಪ್ಪೆಗಳನ್ನು ಬಿಳಿ ಹಾಳೆಯ ಮೇಲೆ ಪೆನ್ಸಿಲಿನಿಂದ, ಕಂಡೂ ಕಾಣದಷ್ಟು ತಿಳಿಯಾಗಿ ಬರೆಯಬೇಕೆಂದು ಬಹುಕಾಲದಿಂದ ಅಂದುಕೊಂಡಿದ್ದೆ. ಈ ವರ್ಷ ಮಂಡ್ಯದಲ್ಲಿ ನಡೆಯಲಿದ್ದ ಚಿತ್ರ ಪ್ರದರ್ಶನಕ್ಕೆಂದು ನಾಲ್ಕು ಭಾನುವಾರ ಕುಳಿತು ಬರೆದೆ. ನನ್ನ ಕೈಯಿಂದ ಆದ ಮೊದಲ ಚಿತ್ರವದು. ಧೂಳು ತಾಗದಿರಲೆಂದು ಹುಳುಮನೆಯ ತಟ್ಟೆಯ ಮೇಲೆ ಇಟ್ಟಿದ್ದೆ. ಸದರಿ ತಪ್ಪು ನನ್ನದೇ ಆಗಿರುತ್ತದೆ.

ಕೊಡಬೇಕಾದ ಕೊನೆಯ ದಿನ ಬೆಳಿಗ್ಗೆ ನೋಡಿದರೆ ಹಾಳೆಯಿಲ್ಲ. ಹೊಸ ಮರಿ ಬರುವುದಿದ್ದುದರಿಂದ ಅತ್ತೆಯವರು ಹುಳುಮನೆ ತೊಳೆಯುತ್ತಿದ್ದರು.

"ಯಾವ್ದೋ ಅಳೇ ಮೊಟ್ಟೆ ಆಳೆ ಉಳ್ಕಂಡಿತ್ತು. ಒಲೆಗಾಕ್ದೆ ಕಣವ್ವ," ಎಂದರು.

"ಅದು ನಾನು ಬರೆದಿದ್ದ ಚಿತ್ರ, ಅತ್ತೆ."

ಪೊರಕೆ ನಿಂತಿತು. "ಚಿತ್ರವಾ? ಚಿತ್ರ ಅಂದ್ರೆ ಒಂದು ಮರನೋ ಅಸುನೋ ಇರ್ಬೇಕಲ್ವಾ? ಮರಿ ಎದ್ದೋಗಿರೋ ಆಳೆ ಬರ್ದು ಉಳದ್ ಮನೇಲಿ ಮಡುಗುದ್ರೆ ನಾನೇನು ಮಾಡ್ಲಿ?"

ಐವತ್ತು ವರ್ಷ ಹುಳು ಸಾಕಿದ ಕಣ್ಣು ಅದನ್ನು ನಿಜವಾದ ಹಾಳೆಯೆಂದೇ ನಂಬಿತ್ತು. ಸಂಜೆ ಐದು ಗಂಟೆಯೊಳಗೆ ಮಂಡ್ಯ ತಲುಪಬೇಕು. ಕಚೇರಿಗೆ ರಜೆ ತಿಳಿಸಿ, ಹೊಸ ಹಾಳೆ ತೆಗೆದುಕೊಂಡು ಜಗಲಿಯ ಮೇಲೆ ಕುಳಿತೆ.

ಸ್ವಲ್ಪ ಹೊತ್ತಿಗೆ ಅತ್ತೆಯವರೂ ಕೈ ಒರೆಸಿಕೊಂಡು ಪಕ್ಕಕ್ಕೆ ಬಂದರು.

"ಅಂಗಲ್ಲ. ಸಾಲಾಗಿ ಯಾಕಿಕ್ತೀಯ? ಚಿಟ್ಟೆ ಏನು ಗೆರೆ ನೋಡ್ಕಂಡು ಇಕ್ತದಾ? ಸುತ್ಕಂಡು ಸುತ್ಕಂಡು ಇಕ್ತದೆ. ಇಲ್ಲೊಸಿ ಕಾಲಿ ಬುಡು."

ಅವರು ತೋರಿಸಿದಲ್ಲಿ ಖಾಲಿ ಬಿಟ್ಟೆ. ಮಧ್ಯಾಹ್ನ ಎರಡು ಗಂಟೆಯವರೆಗೂ ಹಾಳೆಯಿಂದ ಕೈ ಎತ್ತಲಿಲ್ಲ. ಈ ಚಿತ್ರ ಮೊದಲಿನದಕ್ಕಿಂತ ತೆಳುವಾಗಿತ್ತು, ಮೊದಲಿನದಕ್ಕಿಂತ ಸರಿಯಾಗಿಯೂ ಇತ್ತು.

ಮಂಡ್ಯದಲ್ಲಿ ಚಿತ್ರ ಪಡೆಯುತ್ತಿದ್ದವರು ಹಾಳೆಯನ್ನು ಎರಡೂ ಬದಿ ತಿರುಗಿಸಿ, "ಇದ್ರಲ್ಲಿ ಏನೂ ಇಲ್ವಲ್ಲ ಮೇಡಂ?" ಎಂದರು.

"ಇದೆ. ಬೆಳಕಿಗೆ ಹಿಡಿದು ನೋಡಿ. ಸ್ವೀಕೃತಿ ಬರೆದುಕೊಡಿ," ಎಂದೆ. ಕಿಟಕಿಯ ಕಡೆ ಹಿಡಿದು ನೋಡಿದರು. ಮತ್ತೇನೂ ಕೇಳದೆ ಬರೆದುಕೊಟ್ಟರು.

ಮನೆಗೆ ಬಂದು ಸ್ವೀಕೃತಿ ಚೀಟಿ ತೋರಿಸಿದೆ. ಅತ್ತೆಯವರು ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿ ಹೇಳಿದರು: "ಆ ಆಳೆ ವಾಪಸ್ ಬಂದ್ಮೇಲೆ ಗೋಡೆಗಾಕು. ಉಳದ್ ಮನೆ ಕಡೆ ಮಾತ್ರ ತರ್ಬೇಡ."