ಅಮ್ಮ ಜೋಡಿಸುತ್ತಿದ್ದ ವಿಸಿಆರ್

ಕೆಲಸದ ಮನೆಯವರು ಅಮ್ಮನಿಗೆ ವಾರಕ್ಕೊಂದು ರಜೆ ಎಂದರು, ಕೊಡಲಿಲ್ಲ. ಮಗಳಾದ ನಾನೂ ಜೊತೆಗೆ ಕೂತು ಸಿನಿಮಾ ನೋಡಲಿ ಎಂದರು, ಕೂರಿಸಲಿಲ್ಲ.

ಇಟ್ಟಮಡುವಿನ ಗುಜರಿ ಅಂಗಡಿಯಲ್ಲಿ ಇವತ್ತು ಹಳೆಯ ವಿಸಿಆರ್ ಕಂಡು, ಅಮ್ಮ ಕೆಲಸಕ್ಕಿದ್ದ ಜಯನಗರದ ಮನೆ ನೆನಪಾಗಿ ಮೈ ಉರಿಯಿತು. ದಿನವೂ ಟಿವಿ ಹಿಂದಿನ ಧೂಳು ಒರೆಸುತ್ತಿದ್ದ ಅವಳಿಗೆ ಮಾತ್ರ ಯಾವ ವೈರ್ ಎಲ್ಲಿಗೆಂದು ಗೊತ್ತಿತ್ತು. ಇಂಜಿನಿಯರ್ ಯಜಮಾನರು ತಡಕಾಡಿ ಸೋತು, "ರತ್ನಮ್ಮ, ಬರೀ ಚುಕ್ಕಿ ಬರ್ತಿದೆ, ನೋಡು" ಎನ್ನುತ್ತಿದ್ದರು. ಅಮ್ಮ ಆಂಟೆನಾ ವೈರ್ ಕಿತ್ತು, ವಿಸಿಆರ್ ವೈರ್ ಸಿಕ್ಕಿಸಿ, ಚಿತ್ರ ಬರಿಸುತ್ತಿದ್ದಳು. ಆಗ ಮೇಡಂ, "ಆಯ್ತಲ್ಲ, ಇಬ್ರೂ ಬಾಗಿಲ ಹತ್ರ ಹೋಗಿ. ಸೋಫಾ ಮುಟ್ಬೇಡಿ" ಎನ್ನುತ್ತಿದ್ದರು.

ಒಂದು ದಿನ ಅಮ್ಮ, "ನಾನು ಮುಟ್ಟಿದ ಟಿವಿ ಆಗುತ್ತೆ, ನನ್ನ ಮಗಳು ಮುಟ್ಟಿದ ಸೋಫಾ ಆಗಲ್ವಾ ಮೇಡಂ?" ಎಂದು ವೈರ್ ಕಿತ್ತಳು. ಕೆಲಸ ಹೋಯಿತು.

ಈಗಲೂ ಮನೆಗೆಲಸದ ನಮ್ಮವರಿಗೆ ಲೋಟ ಬೇರೆ, ಲಿಫ್ಟ್ ಬೇರೆ. ಅದನ್ನು ಕೇಳಲೆಂದೇ ಮನೆಗೆಲಸದವರ ಸಭೆ, ಬನಶಂಕರಿ ಬಸ್ ನಿಲ್ದಾಣದ ಎದುರು. ಅಮ್ಮನೇ ಮಾತಾಡುತ್ತಾಳೆ, ಈ ಭಾನುವಾರ ಸಂಜೆ ನಾಲ್ಕಕ್ಕೆ. ಬನ್ನಿ.