ಕಲ್ಯಾಣಿಯ ಗೃಹಪ್ರವೇಶಕ್ಕೆ ಬಂದ ಲಾಮಾ

ಜರ್ಮನಿಗೆ ಬಂದ ಹನ್ನೊಂದು ವರ್ಷಗಳಲ್ಲಿ ಧಾರವಾಡದ ಕಲ್ಯಾಣಿ ಐದು ಬಾಡಿಗೆ ಮನೆ ಖಾಲಿ ಮಾಡಿದ್ದಳು. ತಾನಾಗಿ ಅಲ್ಲ, ಇಂಗಿನ ಒಗ್ಗರಣೆಗೆ ಮೂಗು ಮುಚ್ಚಿಕೊಂಡ ಮಾಲೀಕರು ಬಿಡಿಸಿದ್ದು. ಅವರ ಮೂಗಿಗಿಷ್ಟು ಮಣ್ಣು ಹಾಕ! ಕೊನೆಗೆ ೧೯೭೪ರಲ್ಲಿ ಗಂಡ ಡಾಕ್ಟರ್ ಉಪೇಂದ್ರ ಹೈಡೆಲ್‌ಬರ್ಗ್ ಹತ್ತಿರದ ಹಳ್ಳಿಯೊಂದರಲ್ಲಿ ಸ್ವಂತ ಮನೆ ಕೊಂಡಾಗ ಅವಳು ಹಟ ಹಿಡಿದಳು: ಆಕಳು ಮುಂದೆ, ತಾನು ಹಿಂದೆ, ಅತ್ತೆ ಪಂಚಾಂಗ ನೋಡಿ ಬರೆದು ಕಳಿಸಿದ ಹತ್ತೂ ಇಪ್ಪತ್ತರ ಮುಹೂರ್ತ ಮೀರದಂತೆ ಹೊಸ್ತಿಲು ದಾಟಬೇಕು. ಶಾಸ್ತ್ರೋಕ್ತವಾಗಿ ಹೊಕ್ಕ ಮನೆಯಿಂದ ಇನ್ನು ಯಾರೂ ತನ್ನನ್ನು ಎಬ್ಬಿಸಲಾರರು ಎಂಬುದು ಅವಳ ಗಟ್ಟಿ ನಂಬಿಕೆ.

ಆಕಳು ತರುತ್ತೇನೆಂದು ಮಾತು ಕೊಟ್ಟಿದ್ದವನು ಪಕ್ಕದ ರೈತ ಕೆಸ್ಲರ್. ಬೆಳಿಗ್ಗೆ ನೋಡಿದರೆ ಅವನ ಆಕಳು ಈಯಲು ಮಲಗಿಬಿಟ್ಟಿತ್ತು. ಮಾತಿಗೆ ತಪ್ಪದ ಮನುಷ್ಯ, ಸರ್ಕಸ್ಸಿನವರಿಂದ ಕೊಂಡು ಸಾಕಿದ್ದ ಲಾಮಾವನ್ನೇ ಹಿಡಿದುಕೊಂಡು ಬಂದ! ಡುಬ್ಬವಿಲ್ಲದ ಪುಟ್ಟ ಒಂಟೆಯಂತಿತ್ತು, ಮೈತುಂಬ ಉಣ್ಣೆ.

“ಉಣ್ಣೆ ಕೊಡುತ್ತದೆ, ಹೇರು ಹೊರುತ್ತದೆ, ಗೊಬ್ಬರವೂ ಒಳ್ಳೆಯದು,” ಎಂದು ಜರ್ಮನ್‌ನಲ್ಲಿ ಹೊಗಳಿದ.

“ಹಾಲು?” ಎಂದಳು ಕಲ್ಯಾಣಿ.

“ಅಯ್ಯ, ಮೆಲಕ ಹಾಕ್ತದಲ್ಲ, ನಡೀತದ ಬಿಡು. ಟೈಮ್ ಆಗ್ಲಿಕ್ಕೆ ಹತ್ತೇದ!” ಎಂದ ಉಪೇಂದ್ರ.

ಬಂದದ್ದು ಬರಲಿ ಎಂದು ಕಲ್ಯಾಣಿ ಲಾಮಾಕ್ಕೆ ಕುಂಕುಮ ಹಚ್ಚಿದಳು. ಹೊರುವ ಪ್ರಾಣಿ ಬರಿಬೆನ್ನಲ್ಲಿ ಒಳಗೆ ಹೋಗಬಾರದೆಂದು ಕೆಸ್ಲರ್ ಅದರ ಬೆನ್ನಿನ ಎರಡೂ ಬದಿಗೆ ಇಳಿಬಿಟ್ಟಿದ್ದ ಹೇರಿನ ಚೀಲಗಳಲ್ಲಿ ಒಂದು ಕಡೆ ಅಕ್ಕಿ, ಇನ್ನೊಂದು ಕಡೆ ಒರಳುಕಲ್ಲನ್ನೇ ಇಳಿಸಿದಳು. ಅತಿಯಾಸೆ, ಇನ್ನೇನು! ಲಾಮಾ ಎರಡು ಹೆಜ್ಜೆ ಹಾಕಿ, ಸರಿಯಾಗಿ ಹೊಸ್ತಿಲ ಮುಂದೆ ಕಾಲು ಮಡಚಿ ಕೂತೇಬಿಟ್ಟಿತು. ಹಿಂದಿನಿಂದ ನೂಕಿದ ಉಪೇಂದ್ರನ ರೇಷ್ಮೆ ಶಲ್ಯಕ್ಕೆ ಕತ್ತು ತಿರುಗಿಸಿ ಹಸಿರು ಉಗುಳಿನ ಅಭಿಷೇಕ ಮಾಡಿತು. ನೆರೆದಿದ್ದ ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರೆ ಕಲ್ಯಾಣಿಗೆ ಅಳುವೇ ಬಂತು. ಮುಹೂರ್ತಕ್ಕೆ ಉಳಿದದ್ದು ನಾಲ್ಕೇ ನಿಮಿಷ.

“ಭಾರ ಹೆಚ್ಚಾದರೆ ಇದು ಏಳುವುದಿಲ್ಲ. ಇಳಿಸಿ,” ಎಂದ ಕೆಸ್ಲರ್.

ಕಲ್ಯಾಣಿ ಸೆರಗು ಸಿಕ್ಕಿಸಿ ಒರಳುಕಲ್ಲನ್ನು ತಾನೇ ಎದೆಗವಚಿ ಎತ್ತಿದಳು. ಲಾಮಾ ದಡಕ್ಕನೆ ಎದ್ದು ಒಳನಡೆಯಿತು. ಏದುಸಿರು ಬಿಡುತ್ತ ಇವಳು ಹಿಂದೆ. ಹತ್ತೂ ಹತ್ತೊಂಬತ್ತು! ಕಲ್ಲು ಇಳಿಸಿದವಳೇ ಮೂವತ್ತೆಂಟರ ಹೆಂಗಸು ಎಲ್ಲರೆದುರು ಕುಣಿದುಬಿಟ್ಟಳು.

ಲಾಮಾ ಹೊಸ ಕಾರ್ಪೆಟ್ ಮೇಲೆ ಕುಳಿತು ಮೆಲುಕು ಹಾಕತೊಡಗಿತು. ಬಂದವರ ಊಟವಾಯಿತು, ಎಲೆ ಅಡಿಕೆಯಾಯಿತು, ಅದು ಮಾತ್ರ ಜಪ್ಪಯ್ಯ ಎಂದರೂ ಏಳಲಿಲ್ಲ. ತಾಳ್ಮೆಗೆಟ್ಟ ಉಪೇಂದ್ರ ಹಗ್ಗ ಹಿಡಿದು ಬಾಗಿಲ ಕಡೆ ಎಳೆಯಲು ಹೋದ.

ಕಲ್ಯಾಣಿ ಅವನ ಕೈಯಿಂದ ಹಗ್ಗ ಕಸಿದುಕೊಂಡಳು. “ಇರ್ಲಿ ಬಿಡ್ರೀ. ನಮ್ಮ ಮನಿಯಿಂದ ಯಾರನ್ನೂ ಹೊರಗ ಹಾಕೂದಿಲ್ಲ.”