ಗೇಟಿನವರ ತೂಕದ ಚೀಲ

ಕೊರೊನಾ ಕಾಲದಲ್ಲಿ ಪಾರ್ಕು ತೆರೆದರೆ ಲಾಭವೋ ನಷ್ಟವೋ ಅಂತ ಯಾರಾದರೂ ಕೇಳಿದರೆ ನನಗೆ ಲೆಕ್ಕದ ಪುಸ್ತಕ ನೆನಪಾಗುವುದಿಲ್ಲ, ಮರಳಿನ ಚೀಲಗಳು ನೆನಪಾಗುತ್ತವೆ. ಉರಿಯುವ ಮಧ್ಯಾಹ್ನದಲ್ಲಿ ಮಾಸ್ಕ್ ಕಟ್ಟಿಕೊಂಡು ಜೈಂಟ್ ವೀಲಿನಲ್ಲಿ ಸುಮ್ಮನೆ ತಿರುಗುತ್ತಿದ್ದ ಚೀಲಗಳು.

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ದಾರಿಯಲ್ಲಿ ನಮ್ಮಣ್ಣನದೊಂದು ಪಾರ್ಕಿತ್ತು. ಬೋರ್ಡಿನ ಮೇಲೆ ಥೀಮ್ ಪಾರ್ಕ್ ಅಂತ ಬರೆಸಿದ್ದ. ಥೀಮ್ ಏನು ಅಂತ ಮಾತ್ರ ಕೇಳಬೇಡಿ. ಸಿಮೆಂಟಿನ ಡೈನೋಸಾರ್ ಒಂದು ಕಡೆ, ಅದಕ್ಕೆ ಬೆನ್ನು ಹಾಕಿ ರಾಜರ ಕೋಟೆ. ಟಿಕೆಟ್ ಕೌಂಟರಿನಲ್ಲಿ ನಾನು ಕೂರುತ್ತಿದ್ದೆ.

ಮೊದಲ ಲಾಕ್‌ಡೌನ್ ಮುಗಿದ ಮೇಲೆ, ಅರ್ಧದಷ್ಟು ಜನರನ್ನು ಬಿಟ್ಟುಕೊಂಡು ತೆರೆಯಬಹುದು ಅಂತ ಅನುಮತಿ ಬಂತು. ಆಗ ಅಣ್ಣನ ಕಣ್ಣು ಕುರುಗೋಡಿನ ನನ್ನ ಸೈಟಿನ ಮೇಲೆ ಬಿತ್ತು. ಇಪ್ಪತ್ತು ವರ್ಷ ಬಾಡಿಗೆ ಮನೆಗಳಲ್ಲೇ ಕಳೆದವಳು ನಾನು. ಸ್ವಂತಕ್ಕೊಂದು ಮನೆ ಆಗಲಿ ಅಂತ ಉಳಿಸಿಕೊಂಡಿದ್ದು ಅದೊಂದನ್ನೇ.

"ಅದನ್ನ ಮಾರಿ ಕೊಡವಾ. ಮೂರು ತಿಂಗಳು ಪಾರ್ಕು ನಡಸಾಕ ಸಾಕು. ಜನ ಮನ್ಯಾಗ ಕುಂತು ಕುಂತು ಬ್ಯಾಸತ್ತಾರ, ಗೇಟು ತಗದ್ರ ನುಗ್ಗತಾರ ನೋಡು" ಅಂದ.

"ಒಂದು ಭಾನುವಾರ ತಗದು ನೋಡಣು ಅಣ್ಣಾ. ಬಂದ್ರ ಕೊಡ್ತೀನಿ. ಬರಲಿಲ್ಲಂದ್ರ ಮತ್ತ ಕೇಳಬ್ಯಾಡ" ಅಂದೆ.

ಚೀಲಗಳ ವಿಷಯ ಹೇಳಬೇಕು. ಪಾರ್ಕು ಹೊಸದಾಗಿದ್ದಾಗ ಅಣ್ಣ ಒಂದು ನಿಯಮ ಮಾಡಿದ್ದ: ಯಾವ ಆಟವೇ ಇರಲಿ, ಪರೀಕ್ಷೆಗೆ ಮೊದಲು ನಾವು ಕೂರಬೇಕು, ಆಮೇಲೆ ಜನ. ಕೂರಲು ಒಬ್ಬರಿಗೂ ಧೈರ್ಯವಿರಲಿಲ್ಲ. ಹಾಗಾಗಿ ಸಿರುಗುಪ್ಪದ ಅಕ್ಕಿ ಗಿರಣಿಯಿಂದ ಖಾಲಿ ಚೀಲ ತರಿಸಿ, ಕಟ್ಟಡಕ್ಕೆ ತಂದು ಉಳಿದಿದ್ದ ಮರಳನ್ನು ತುಂಬಿದೆವು. ಪ್ರತಿಯೊಬ್ಬರೂ ತಕ್ಕಡಿಯ ಮೇಲೆ ನಿಂತು, ತಮ್ಮ ತೂಕದಷ್ಟೇ ತುಂಬಿ, ಬಾಯಿ ಹೊಲಿದು, ಮೇಲೆ ತಮ್ಮ ಕೆಲಸ ಬರೆದರು. ಕ್ಯಾಂಟೀನು. ಮೋಟರು. ಗೇಟು. ನನ್ನದು ಟಿಕೆಟ್.

ಗೇಟಿನವರು ವಯಸ್ಸಾದವರು. ಒಳಗೆ ಬರುವ ಪ್ರತಿ ಮಗುವಿಗೂ ಎದ್ದು ನಿಂತು ಸೆಲ್ಯೂಟ್ ಹೊಡೆಯುತ್ತಿದ್ದರು. ಕೊರೊನಾ ಅವರನ್ನು ಒಯ್ದಿತ್ತು. ಕೊನೆಗೆ ಅವರ ಮುಖವನ್ನೂ ನಾವ್ಯಾರೂ ನೋಡಲಿಲ್ಲ.

ಆ ಭಾನುವಾರ ಹನ್ನೆರಡು ಗಂಟೆಯವರೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಫಿನಾಯಿಲ್ ವಾಸನೆ, ಡೈನೋಸಾರಿನ ಬಾಯಲ್ಲಿ ಪಾರಿವಾಳ. ಆಮೇಲೆ ಸಿರುಗುಪ್ಪದ ಕಡೆಯಿಂದ ಗಂಡ, ಹೆಂಡತಿ, ಐದಾರು ವರ್ಷದ ಮಗಳು ಬಂದರು. ಮೂರು ಟಿಕೆಟ್. ಮಗುವಿಗೆ ಜೈಂಟ್ ವೀಲೇ ಬೇಕು.

ಆದರೆ ಒಂದೇ ತೊಟ್ಟಿಲಿಗೆ ಭಾರ ಬಿದ್ದರೆ ಚಕ್ರ ಜಗ್ಗುತ್ತದೆ, ಸುತ್ತಲೂ ತೂಕ ಸಮ ಇರಬೇಕು. ವೀಲ್ ನಡೆಸುವವನು ನನ್ನ ಮುಖ ನೋಡಿದ. "ಅಕ್ಕಾ, ಮಂದಿ ಇಲ್ಲ. ಚೀಲ ಏರಸ್ಲೇನು?"

"ಏರಸಪ್ಪ."

ಏರಿಸಿದ. ಹುಡುಗಾಟಕ್ಕೆ ಒಂದೊಂದಕ್ಕೂ ಮಾಸ್ಕ್ ಕಟ್ಟಿದ. ಕೊನೆಯ ಚೀಲಕ್ಕೆ, ಗೇಟಿನ ಕೋಣೆಯ ಮೊಳೆಗೆ ನೇತುಬಿದ್ದಿದ್ದ ಖಾಕಿ ಟೋಪಿ ತಂದು ಇಟ್ಟ. ಆಗಲೇ ಆ ಚೀಲದ ಮೇಲಿನ ಅಕ್ಷರ ಓದಿದ್ದು ನಾವು: ಗೇಟು. ತೆಗೆಯಲು ಅವನ ಕೈ ಬರಲಿಲ್ಲ, ನನ್ನದೂ ಬರಲಿಲ್ಲ.

ಚಕ್ರ ತಿರುಗಿತು. ಕಿರುಚಾಟ ಇಲ್ಲ, ನಗು ಇಲ್ಲ. ಕಬ್ಬಿಣದ ಕಿರ್ ಕಿರ್ ಅಷ್ಟೇ. ಟಿಕೆಟ್ ಅಂತ ಬರೆದ ನನ್ನ ಚೀಲ ಮೇಲೇರಿತು, ಇಳಿಯಿತು, ನನ್ನ ಮುಂದೆಯೇ ಹಾದು ಮತ್ತೆ ಏರಿತು.

ರಸ್ತೆಯಲ್ಲಿ ಎರಡು ಬೈಕು ನಿಂತವು. "ಲೇ, ತುಂಬೈತಲೇ, ಬರ್ರಿ!" ಅಂತ ಕೂಗುತ್ತಾ ನಾಲ್ಕು ಜನ ಕೌಂಟರಿಗೇ ಓಡಿ ಬಂದರು. ಚಕ್ರ ಕೆಳಗೆ ತಂದ ತೊಟ್ಟಿಲನ್ನು ಹತ್ತಿರದಿಂದ ನೋಡಿದರು. ಒಬ್ಬ ತೆಗೆದ ದುಡ್ಡನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಬೈಕು ಹೋದ ಸದ್ದು ಬಹಳ ಹೊತ್ತು ಕೇಳಿಸಿತು.

ಇಳಿದ ಮಗು ಅಲ್ಲೇ ನಿಂತು ಮೇಲೆ ನೋಡಿತು. "ಆ ತಾತ ಇಳಿಯಂಗಿಲ್ಲೇನು?"

"ಅದು ಚೀಲವ್ವಾ" ಅಂದೆ.

"ಮತ್ತ ನನಗ ಸೆಲ್ಯೂಟ್ ಹೊಡದ್ನಲ್ಲ?"

ಗಾಳಿಗೆ ಮಾಸ್ಕಿನ ದಾರ ಹಾರಿರಬೇಕು. ಹಾಗಂತಲೇ ಇವತ್ತಿಗೂ ಹೇಳಿಕೊಳ್ಳುತ್ತೇನೆ. ಆ ಮಗು ನಮ್ಮ ಪಾರ್ಕಿಗೆ ಬಂದದ್ದು ಅದೇ ಮೊದಲು.

ಅಷ್ಟರಲ್ಲಿ ಫೋನು. ಅಣ್ಣನಿಗೆ ಸಕ್ಕರೆ ಕಾಯಿಲೆ, ಸೋಂಕಿನ ಭಯ. ಪಾರ್ಕಿನ ಆಚೆ ತುದಿಯ ಮಹಡಿ ಕೋಣೆಯಲ್ಲಿ ಗಾಜಿನ ಹಿಂದೆ ಕೂತಿದ್ದ.

"ನೋಡಿದೇನವಾ ತಂಗೀ!" ದನಿಯಲ್ಲಿ ಕುಣಿತ. "ನಾ ಹೇಳಿದ್ನಿಲ್ಲ? ಎಲ್ಲಾ ತೊಟ್ಟಿಲು ತುಂಬ್ಯಾವು. ಮಾಸ್ಕ್ ಸೈತ ಹಾಕ್ಯಾರ, ಶಾಣ್ಯಾ ಮಂದಿ! ನಾಳೆ ಸೈಟಿನ ಕಾಗದ ತಗೊಂಡು ಬಾ."

ಹೇಳದೆ ಬೇರೆ ದಾರಿ ಇರಲಿಲ್ಲ. "ಅಣ್ಣಾ, ಅವು ಚೀಲ. ಮಂದಿ ಮೂರೇ. ಅವರೂ ಇಳದ್ರು."

ಆ ಕಡೆ ಗಾಜು ಸರಿಸಿದ ಸದ್ದು. ಆಮೇಲೆ, "ಟೋಪಿ ಹಾಕ್ಯಾನಲ್ಲ, ಅಂವ ಯಾರು?"

"ನೀನೇ ಬಂದು ನೋಡು."

ಮುಖಕ್ಕೆ ಎರಡೆರಡು ಮಾಸ್ಕ್ ಕಟ್ಟಿಕೊಂಡು ಬಂದ. ಎಷ್ಟೋ ತಿಂಗಳ ಮೇಲೆ ಮಹಡಿ ಇಳಿದಿದ್ದ. ಆ ತೊಟ್ಟಿಲನ್ನು ಕೆಳಗೆ ತರಿಸಿ, ಅದರ ಮುಂದೆ ನಿಂತ. ಆಮೇಲೆ, ಒಬ್ಬರನ್ನೂ ಕರೆಯದೆ, ಗೇಟಿನವರ ಚೀಲವನ್ನು ಎದೆಗವಚಿಕೊಂಡು ತಾನೇ ಕೆಳಗಿಳಿಸಿದ. ನಾನು ನನ್ನ ಚೀಲದ ಹೊಲಿಗೆ ಬಿಚ್ಚಿದೆ. ಮರಳು ಜೈಂಟ್ ವೀಲಿನ ಕಾಲಿಗೆ ಸುರಿಯಿತು. ಅಣ್ಣ ನೋಡಿದ. ಮತ್ತೆ ಸೈಟು ಕೇಳಲಿಲ್ಲ.

ಚೀಲ ತಿರುಗಿಸಲಿಕ್ಕೂ ಕರೆಂಟು ಅಷ್ಟೇ ಬೇಕು, ಜನರನ್ನು ತಿರುಗಿಸಲಿಕ್ಕೂ ಅಷ್ಟೇ ಬೇಕು. ನನ್ನ ಲೆಕ್ಕ ಅಲ್ಲಿಗೆ ಮುಗಿದಿತ್ತು.

ಕುರುಗೋಡಿನಲ್ಲಿ ಈಗ ನನ್ನ ಮನೆ ಇದೆ. ಅಡಿಪಾಯಕ್ಕೆ ಆ ಮರಳನ್ನೇ ತಂದು ಹಾಕಿಸಿದೆ: ಕ್ಯಾಂಟೀನು, ಮೋಟರು, ಟಿಕೆಟ್. ಗೇಟಿನದನ್ನು ಮಾತ್ರ ಅಣ್ಣ ಕೊಡಲಿಲ್ಲ. ಮುಚ್ಚಿದ ಪಾರ್ಕಿನ ಬಾಗಿಲಲ್ಲಿ, ಅವರ ಸ್ಟೂಲಿನ ಮೇಲೆ ಅದು ಕೂತಿದೆ, ಟೋಪಿ ಸಮೇತ. ಸಿರುಗುಪ್ಪದ ಬಸ್ಸು ಅಲ್ಲಿ ಹಾಯುವಾಗ ನಾನು ಆ ಕಡೆಯ ಕಿಟಕಿಗೆ ಕೂರುವುದಿಲ್ಲ.